ಕಾಲಿಗೆ ಭಾರವಾಗದ ಸೆಲ್ಲು

ಏಳನೆಯ ಬಿಲ್ಲೆ ಸೆಲ್ಲೂ ಕೈಕೊಟ್ಟಾಗ ಗಡಿಯಾರಪ್ಪ ಚಿಮಟವನ್ನು ಮೇಜಿನ ಮೇಲೆ ಎಸೆದ. ಅದು ಪುಟಿದು ಯಾರದೋ ಅಲಾರಂ ಗಡಿಯಾರದ ಗಾಜಿಗೆ ಬಡಿಯಿತು. ಪುಣ್ಯಕ್ಕೆ ಗಾಜು ಒಡೆಯಲಿಲ್ಲ. ಒಡೆದಿದ್ದರೆ ಗಾಜಿನ ಮೇಲೂ ರೇಗುತ್ತಿದ್ದ.

ಗಡಿಯಾರಪ್ಪ ಅನ್ನುವುದು ಬೀದಿಯವರು ಇಟ್ಟ ಹೆಸರು. ನಲವತ್ತು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲೇ ಅವನ ಕೈಗಡಿಯಾರ ರಿಪೇರಿ ನಡೆಯುತ್ತಿತ್ತು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಟ್ಟರೆ ಹಾರಿಹೋಗುವಂಥ ತಿರುಪುಗಳ ಜೊತೆ ಏಗಿ ಏಗಿ ಅವನ ತಾಳ್ಮೆಯೆಲ್ಲ ಬೆರಳಿನ ತುದಿಗೆ ಇಳಿದುಬಿಟ್ಟಿತ್ತು. ನಾಲಿಗೆಯ ಪಾಲಿಗೆ ಏನೂ ಉಳಿದಿರಲಿಲ್ಲ. ಪಟ್ಟಿ ಬದಲಿಸಲು ಬಂದವರೂ ಎರಡು ಮಾತು ಅನ್ನಿಸಿಕೊಂಡೇ ಹೋಗುತ್ತಿದ್ದರು. ಕೆಲಸ ಚೊಕ್ಕವಾಗಿದ್ದರಿಂದ ಮತ್ತೆ ಬರುತ್ತಿದ್ದರು.

ಆದರೆ ಮೂರು ವಾರದಿಂದ ಅವನ ಮೇಜಿನ ಮೇಲಿದ್ದದ್ದು ಗಡಿಯಾರವಲ್ಲ, ಹೆಂಡತಿಯ ಕಾಲಿಗೆ ಕಟ್ಟುವ ಒಂದು ಯಂತ್ರ.

ಹೆಂಡತಿಗೆ ಹೋದ ವರ್ಷದಿಂದ ಒಂದು ವಿಚಿತ್ರ ಕಾಯಿಲೆ. ಬಯಲಿನಲ್ಲಿ ಚೆನ್ನಾಗಿಯೇ ನಡೆಯುತ್ತಾಳೆ. ಬಾಗಿಲು ಬಂತೋ, ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. ನೋವಿಲ್ಲ, ಸುಸ್ತಿಲ್ಲ. ಎತ್ತು ಅಂದರೆ ಕಾಲು ಏಳುವುದಿಲ್ಲ, ಅಷ್ಟೇ. ಯಾರಾದರೂ ಬಂದು ಕೈ ಹಿಡಿಯುವ ತನಕ ಹೊಸ್ತಿಲ ಮುಂದೆ ನಿಂತೇ ಇರುತ್ತಾಳೆ. ಅವಳು ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವವಳು. ಕೈ ಈಗಲೂ ಕರಾರುವಾಕ್ಕು. ಆದರೆ ಆ ಕೋಣೆಗೆ ಹೋಗಲು ಎರಡು ಬಾಗಿಲು ದಾಟಬೇಕು. ಒಂದು ದಿನ ಎರಡನೆಯ ಬಾಗಿಲಲ್ಲಿ ಕಾಲು ಗಂಟೆ ನಿಂತುಬಿಟ್ಟಳು. ಹಿಂದೆ ಪುಸ್ತಕದ ತಳ್ಳುಗಾಡಿ, ಅದರ ಹಿಂದೆ ನಾಲ್ಕು ಜನ. ಲೈಬ್ರರಿಯ ಮೇಲಧಿಕಾರಿ ಕರೆದು ಮೆತ್ತಗೆ ಹೇಳಿದರು, ಯಾರ ಕೈಯನ್ನೂ ಹಿಡಿಯದೆ ಓಡಾಡುತ್ತೀರಿ ಅಂತ ಡಾಕ್ಟರಿಂದ ಬರೆಸಿಕೊಂಡು ಬನ್ನಿ, ಇಲ್ಲವಾದರೆ ಮನೆಯಲ್ಲಿ ಆರಾಮವಾಗಿರಿ.

ಆ ‘ಆರಾಮ’ವನ್ನು ಕೇಳಿಸಿಕೊಂಡು ಬಂದವಳು ಅವತ್ತು ಊಟ ಮಾಡಲಿಲ್ಲ. "ಆ ಕೋಣೆ ಹೋದ್ರೆ ನಾನು ಹೋದ ಹಾಗೇ" ಅಂದಳು. ಮದುವೆಯಾಗಿ ಮೂವತ್ತಮೂರು ವರ್ಷದಲ್ಲಿ ಅವಳ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ಗಡಿಯಾರಪ್ಪನಿಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ಅವನಿಗೆ ಬರುವುದು ಸಿಟ್ಟು. ಮೇಲಧಿಕಾರಿಯನ್ನು ಬೈದ, ಲೈಬ್ರರಿ ಕಟ್ಟಿಸಿದವರನ್ನು ಬೈದ, ಕೊನೆಗೆ ಬಾಗಿಲು ಅನ್ನುವುದನ್ನು ಮೊದಲು ಕಂಡುಹಿಡಿದವನನ್ನೂ ಬೈದ.

ಡಾಕ್ಟರು ಪರೀಕ್ಷೆಗೆ ಒಂದು ಶುಕ್ರವಾರ ಗೊತ್ತುಮಾಡಿದರು. ಉಪಾಯವನ್ನೂ ಅವರೇ ಹೇಳಿಕೊಟ್ಟರು. ಒಳಗಿನ ತಾಳ ತಪ್ಪಿದಾಗ ಹೊರಗಿನಿಂದ ತಾಳ ಕೊಟ್ಟರೆ ಕಾಲು ಏಳುತ್ತದಂತೆ. ಗಡಿಯಾರಪ್ಪ ಮನೆಗೆ ಬಂದು ಚಮಚದಿಂದ ತಟ್ಟೆ ಬಡಿದು ನೋಡಿದ. ಟಕ್, ಟಕ್, ಟಕ್. ಹೆಂಡತಿ ಅಡುಗೆಮನೆಯ ಬಾಗಿಲನ್ನು ನೀರು ಹರಿದಂತೆ ದಾಟಿ ಬಂದಳು. ಇಬ್ಬರೂ ನಕ್ಕರು. ಆದರೆ ತಟ್ಟೆ ಬಡಿದುಕೊಂಡು ಲೈಬ್ರರಿಯಲ್ಲಿ ಅವಳ ಹಿಂದೆ ತಿರುಗಲಾದೀತೆ? ಅಲ್ಲಿ ಕೆಮ್ಮಿದರೇ ನಾಲ್ಕು ತಲೆ ತಿರುಗುತ್ತವೆ.

ಹಾಗಾಗಿ ಸದ್ದಿಲ್ಲದ ತಾಳ ಬೇಕಿತ್ತು. ಮೊಬೈಲಿನಲ್ಲಿ ಗುಂಯ್ ಎಂದು ನಡುಗುತ್ತದಲ್ಲ, ಅಂಥದೇ ಹುಣಿಸೆಬೀಜದಷ್ಟು ಮೋಟಾರು, ಅದಕ್ಕೆ ಲೆಕ್ಕ ಹೇಳುವ ಉಗುರಗಲದ ಬೋರ್ಡು. ಕೈಗೆ ಕಟ್ಟಿದರೆ ಪ್ರಯೋಜನವಾಗಲಿಲ್ಲ, ಕಾಲಿಗೇ ತಾಗಬೇಕು. "ಹಗುರವಾಗಿರಲಿ" ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಮೊದಲೇ ತಡವರಿಸುವ ಕಾಲು. ಅದಕ್ಕೆ ಕಲ್ಲು ಕಟ್ಟಿದರೆ ಇನ್ನೇನು ಗತಿ?

ಹಗುರ ಅನ್ನುವುದನ್ನು ಗಡಿಯಾರಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಗಡಿ ಮುಚ್ಚಿದ ಅಕ್ಕಸಾಲಿಯೊಬ್ಬನಿಂದ ತಂದ ತಕ್ಕಡಿ ಅವನ ಮೇಜಿನ ಮೇಲಿತ್ತು. ರೆಪ್ಪೆಯ ಕೂದಲಿಟ್ಟರೂ ಅದರ ಮುಳ್ಳು ಅಲುಗುತ್ತಿತ್ತು. ಮೋಟಾರು ಒಂದು ಗ್ರಾಂ. ಬೋರ್ಡು ಎರಡು. ಬಟ್ಟೆಪಟ್ಟಿ ಐದು. ಇನ್ನು ಸೆಲ್ಲು. ಅವನ ಖಾನೆಯ ತುಂಬ ಬಿಲ್ಲೆ ಸೆಲ್ಲುಗಳೇ, ಒಂದೊಂದೂ ಮೂರೇ ಗ್ರಾಂ. ಮೀಟರಿಗೆ ಹಿಡಿದರೆ ಮುಳ್ಳು ಮೂರು ವೋಲ್ಟಿಗೆ ನೆಟ್ಟಗೆ ನಿಲ್ಲುತ್ತಿತ್ತು. ಮುಳ್ಳು ನಿಂತರೆ ಸೆಲ್ಲು ಗಟ್ಟಿ. ನಲವತ್ತು ವರ್ಷ ಅದೇ ಅವನ ಶಾಸ್ತ್ರ, ಒಂದು ಸಲವೂ ಸುಳ್ಳಾಗಿರಲಿಲ್ಲ.

ಈಗ ಸುಳ್ಳಾಗುತ್ತಿತ್ತು. ಸೆಲ್ಲು ಹಾಕಿದೊಡನೆ ಬೋರ್ಡಿನ ಮೇಲಿನ ಕೆಂಪು ದೀಪ ಮಿನುಗುತ್ತಿತ್ತು, ಮೋಟಾರು ಗುಂ ಎಂದು ಬಾಯಿ ತೆರೆಯುತ್ತಿತ್ತು, ಅಲ್ಲಿಗೇ ಎಲ್ಲ ಸತ್ತು ಮತ್ತೆ ಮೊದಲಿನಿಂದ ಶುರು. ಗುಂ, ಸಾವು. ಗುಂ, ಸಾವು. ಸೆಲ್ಲು ತೆಗೆದು ಮೀಟರಿಗೆ ಹಿಡಿದರೆ ಮತ್ತೆ ನೆಟ್ಟಗೆ ಮೂರು.

"ನಾನೊಂದು ಮಾತು ಹೇಳ್ಲಾ?" ಅಂದಳು ಹೆಂಡತಿ. ಕೆಲಸದ ಕೋಟು ತೊಟ್ಟುಕೊಂಡೇ ಕುರ್ಚಿಯಲ್ಲಿ ಕೂತಿದ್ದಳು. ರಜೆ ಹಾಕಿಸಿದ್ದರೂ ಬೆಳಗಾದರೆ ಆ ಕೋಟು ತೊಡುವುದನ್ನು ಅವಳು ಬಿಟ್ಟಿರಲಿಲ್ಲ.

"ಆಮೇಲೆ ಹೇಳು. ತಲೆ ಚಿಟ್ಟು ಹಿಡಿದುಹೋಗಿದೆ."

ಎಲ್ಲವನ್ನೂ ಡಬ್ಬಿಗೆ ತುಂಬಿಕೊಂಡು ಕರೆಂಟಕ್ಕನ ಅಂಗಡಿಗೆ ಹೊರಟ. ತಂತಿ, ಸ್ವಿಚ್ಚು, ರೇಡಿಯೋ ಭಾಗಗಳನ್ನು ಮಾರುವ ಆ ಹೆಂಗಸಿಗೂ ಬೀದಿಯೇ ಹೆಸರಿಟ್ಟಿತ್ತು. ಮೋಟಾರು, ಬೋರ್ಡು ಕೊಟ್ಟವಳೂ ಅವಳೇ. ಆದ್ದರಿಂದ ಬೈಯುವ ಹಕ್ಕು ತನಗಿದೆ ಅಂದುಕೊಂಡೇ ಒಳಗೆ ಹೋದ.

"ನೀನು ಕೊಟ್ಟ ಬೋರ್ಡು ದಂಡ ಕಣಮ್ಮ."

ಕರೆಂಟಕ್ಕ ಬೋರ್ಡನ್ನು ತಿರುಗಿಸಿ ನೋಡಿದಳು, ಸೆಲ್ಲನ್ನು ನೋಡಿದಳು, ಆಮೇಲೆ ಅವನ ಮುಖ ನೋಡಿ ನಕ್ಕಳು. "ಕುಣಿಯೋಕೆ ಬರದೋನು ನೆಲ ಡೊಂಕು ಅಂದನಂತೆ. ಬೋರ್ಡು ಸರಿಯಾಗೇ ಇದೆ ಅಣ್ಣ. ನಿನ್ನ ಸೆಲ್ಲಿನ ಕೈಲಿ ಆಗ್ತಿಲ್ಲ."

"ಮೂರು ವೋಲ್ಟ್ ತೋರಿಸ್ತಾ ಇದೆ, ಬೇಕಾದ್ರೆ ನೋಡು!"

"ಕೆಲಸ ಹೇಳದೇ ಇದ್ದಾಗ ಎಲ್ಲರೂ ಗಟ್ಟಿಗರೇ. ಮೋಟ್ರು ತಿರುಗೋವಾಗ ನೋಡಿದ್ಯಾ?" ಅವಳು ಮೀಟರನ್ನು ಹಿಡಿದು ತೋರಿಸಿದಳು. ಮೋಟಾರು ಬಾಯಿ ತೆರೆದ ಕ್ಷಣ ಮುಳ್ಳು ಮೂರರಿಂದ ದುಡುಮ್ಮನೆ ಕೆಳಗೆ ಬಿತ್ತು. "ಇದು ಸಣ್ಣ ಬಾಯಿನ ಬಾಟ್ಲಿ. ಒಳಗೆ ನೀರಿದೆ, ಆದ್ರೆ ತೊಟ್ಟು ತೊಟ್ಟಾಗೇ ಬರೋದು. ಗಡಿಯಾರಕ್ಕೆ ತೊಟ್ಟು ಸಾಕು. ಮೋಟ್ರು ಬಾಯಾರಿದ ಎಮ್ಮೆ. ಅದಕ್ಕೆ ಒಂದೇ ಸಲ ಗುಟುಕು ಬೇಕು."

ನಲವತ್ತು ವರ್ಷದಲ್ಲಿ ಗುಟುಕು ಕೇಳುವ ಒಂದು ಗಡಿಯಾರವೂ ಅವನ ಕೈಗೆ ಬಂದಿರಲಿಲ್ಲ. ಅವಳು ಹೇಳಿದ್ದು ಸರಿ ಎಂದು ಗೊತ್ತಾಯಿತು, ಗೊತ್ತಾಗಿದ್ದಕ್ಕೇ ಇನ್ನಷ್ಟು ಉರಿಯಿತು.

ಕರೆಂಟಕ್ಕ ಬೆಳ್ಳಿ ಬಣ್ಣದ, ಬಿಸ್ಕತ್ತಿಗಿಂತ ತೆಳ್ಳಗಿನ ಲಿಥಿಯಂ ಸೆಲ್ಲೊಂದನ್ನು ತೆಗೆದುಕೊಟ್ಟಳು. "ನಾಲ್ಕೇ ಗ್ರಾಂ. ಗುಟುಕು ಕೊಡುತ್ತೆ. ಚಾರ್ಜು ಮಾಡಬಹುದು. ಆದ್ರೆ ಇದು ಮೆತ್ತನೆ ಚೀಲ ಇದ್ದ ಹಾಗೆ. ಅದುಮಬೇಡ, ಚುಚ್ಚಬೇಡ, ಸುತ್ತ ಒಂದಿಷ್ಟು ಜಾಗ ಬಿಡು. ಲೋಹದ ಚಿಮಟದಲ್ಲಂತೂ ಮುಟ್ಟಲೇಬೇಡ."

"ನನಗೇ ಹೇಳ್ತೀಯಾ" ಎಂದು ಬಂದ.

ಇಲ್ಲೇ ಎಡವಟ್ಟಾದದ್ದು. ಗಡಿಯಾರ ರಿಪೇರಿಯವನಿಗೆ ಜಾಗ ಬಿಡು ಅಂದರೆ ಅದು ಅವನ ಜಾತಕದಲ್ಲೇ ಇಲ್ಲ. ಗಡಿಯಾರದ ಒಳಗೆ ಧೂಳಿಗೂ ಎಡೆಯಿರಬಾರದು. ಮುಚ್ಚಳ ಟಕ್ಕನೆ ಕೂತರೇ ಕೆಲಸ ಮುಗಿದಂತೆ. ಹಳೆಯ ಗಡಿಯಾರದ ಉಕ್ಕಿನ ಗೂಡೊಂದನ್ನು ಆರಿಸಿ, ಬೋರ್ಡು, ಮೋಟಾರು, ಸೆಲ್ಲು ಮೂರನ್ನೂ ಒಂದರ ಮೇಲೊಂದು ಇಟ್ಟು ಮುಚ್ಚಳ ತಿರುಗಿಸಿದ. ಜಾಗ ಕೂದಲೆಳೆಯಷ್ಟು ಕಡಿಮೆ ಬಿತ್ತು. ಅಭ್ಯಾಸಬಲದಿಂದ ಕೈ ತಾನಾಗಿ ಉಕ್ಕಿನ ಚಿಮಟ ಎತ್ತಿಕೊಂಡಿತು, ಸೆಲ್ಲಿನ ಮೂಲೆಯನ್ನು ಒಳಕ್ಕೆ ಒತ್ತಿತು, ಮುಚ್ಚಳ ಟಕ್ಕೆಂದಿತು. ಅವನಿಗೆ ಸಂತೋಷವಾಯಿತು.

ಹತ್ತು ನಿಮಿಷ ಅದು ಲಕ್ಷಣವಾಗಿ ಮಿಡಿಯಿತು. ಹೆಂಡತಿಯ ಕಾಲಿಗೆ ಕಟ್ಟೋಣವೆಂದು ಕೈಗೆ ತೆಗೆದುಕೊಂಡರೆ ಗೂಡು ಬೆಚ್ಚಗಿತ್ತು. ನೋಡನೋಡುತ್ತ ಬಿಸಿಯಾಯಿತು. ಮುಚ್ಚಳ ಉಬ್ಬಿತು. ಹಿತ್ತಲಿಗೆ ಓಡಿ ಮರಳಿನ ಬಕೆಟ್ಟಿಗೆ ಎಸೆಯುವಷ್ಟರಲ್ಲಿ ಬೆರಳು ಸುಟ್ಟು, ಕಮಟು ವಾಸನೆ ಮನೆಯೆಲ್ಲ ಹಬ್ಬಿತು.

ಹೆಂಡತಿ ಅವನ ಬೆರಳನ್ನು ತಣ್ಣೀರಿನ ಪಾತ್ರೆಗೆ ಅದ್ದಿ ಹಿಡಿದಳು. ಬೈಯಲಿಲ್ಲ. "ಅಂಥದ್ದು ನನ್ನ ಕಾಲಿಗೆ ಬೇಡ" ಅಂದಳು, ಅಷ್ಟೇ. ಬೆರಳು ಒರೆಸುತ್ತ, "ನೋಡಿ, ನನಗನ್ಸುತ್ತೆ..." ಎಂದು ಶುರು ಮಾಡಿದಳು.

"ನನಗೆ ಗೊತ್ತಿದೆ ಬಿಡು, ತಪ್ಪು ನನ್ನದೇ! ಅದನ್ನ ನೀನು ಬೇರೆ ಹೇಳಬೇಕಾ?"

ಅವಳು ಹೇಳಲು ಹೊರಟದ್ದು ಅದಲ್ಲ. ಆದರೆ ಗಾಯದ ಮೇಲೆ ಬರೆ ಎಳೆಯುವುದು ಬೇಡವೆಂದು ಸುಮ್ಮನಾದಳು.

ಬುಧವಾರ ಬಂತು, ಪರೀಕ್ಷೆಗೆ ಎರಡೇ ದಿನ. ಉಳಿದದ್ದು ಪೆನ್ಸಿಲ್ ಸೆಲ್ಲು. ಗೋಡೆ ಗಡಿಯಾರಕ್ಕೆ ಹಾಕುವಂಥದು. ಪಾಪದ ಪ್ರಾಣಿ, ಉಬ್ಬುವುದಿಲ್ಲ, ಸುಡುವುದಿಲ್ಲ, ಕೇಳಿದಷ್ಟು ಗುಟುಕು ಕೊಡುತ್ತದೆ. ಆದರೆ ಒಂದಕ್ಕೆ ಇಪ್ಪತ್ತಮೂರು ಗ್ರಾಂ, ಬೋರ್ಡಿಗೆ ಮೂರು ಬೇಕು. ಗೂಡು ಸೇರಿ ಎಂಬತ್ತು ಗ್ರಾಂ ದಾಟಿತು. ಕಟ್ಟಿ ನಡೆಸಿದರೆ ತಾಳಕ್ಕೆ ಕಾಲು ಏಳುತ್ತಿತ್ತು, ನಿಜ. ಆದರೆ ಭಾರಕ್ಕೆ ಬೆರಳು ತುದಿ ಹೊಸ್ತಿಲಿಗೆ ತಗಲುತ್ತಿತ್ತು. ಮೂರನೆಯ ಸಲ ಮುಗ್ಗರಿಸಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಗಡಿಯಾರಪ್ಪ ಗ್ರಾಂ ಬೇಟೆಗೆ ಇಳಿದ. ಪಟ್ಟಿಯ ಕೊಕ್ಕೆ ಕತ್ತರಿಸಿದ, ಮುಕ್ಕಾಲು ಗ್ರಾಂ. ತಿರುಪುಗಳ ತಲೆ ಅರೆದ. ಬೋರ್ಡಿನ ಮೂಲೆ ಉಜ್ಜಿದ. ಪ್ಲಾಸ್ಟಿಕ್ ಗೂಡಿಗೆ ಸಾಲು ಸಾಲು ತೂತು ಕೊರೆದು ಜರಡಿ ಮಾಡಿದ. ಪ್ರತಿ ಸಲವೂ ತಕ್ಕಡಿ, ಪ್ರತಿ ಸಲವೂ ಚೀಟಿಯ ಮೇಲೆ ಅಂಕಿ. ಇಡೀ ದಿನ ಕೂತು ನಾಲ್ಕು ಗ್ರಾಂ ಉಳಿಸಿದ. ಆನೆಯ ಬಾಲದ ಕೂದಲು ಕತ್ತರಿಸಿ ಆನೆಯನ್ನು ಹಗುರ ಮಾಡಿದ ಹಾಗೆ.

"ರೀ" ಅಂದಳು ಹೆಂಡತಿ.

"ಲೆಕ್ಕದಲ್ಲಿದೀನಿ ಕಣೇ!"

"ರೀ, ಇಲ್ಲಿ ನೋಡಿ."

"ಏನೇ ನಿಂದು? ನಾಳೆ ಬಿಟ್ರೆ ನಾಡಿದ್ದು! ನಾನಿಲ್ಲಿ ಗ್ರಾಂ ಗ್ರಾಂಗೂ ಮೈ ಪರಚ್ಕೋತಾ ಇದೀನಿ, ನೀನು ರೀ ರೀ ಅಂತ. ಯಾರಿಗೋಸ್ಕರ ಮಾಡ್ತಿರೋದು ಇದೆಲ್ಲ?"

ಹೆಂಡತಿ ಎದ್ದಳು. ಕುರ್ಚಿಗೂ ಮೇಜಿಗೂ ನಡುವೆ ಬಾಗಿಲಿಲ್ಲದ್ದರಿಂದ ಸಲೀಸಾಗಿ ಮೇಜಿನ ತನಕ ನಡೆದು ಬಂದಳು. ಕೋಟಿನ ಬಲಜೇಬಿಗೆ ಕೈ ಹಾಕಿ ಒಂದೊಂದಾಗಿ ತೆಗೆದು ತಕ್ಕಡಿಯ ತಟ್ಟೆಯ ಮೇಲೆ ಇಡತೊಡಗಿದಳು. ಕತ್ತರಿ. ಮೇಣ ಹಚ್ಚಿದ ದಾರದುಂಡೆ. ಕಾಗದ ಮಡಿಸುವ ಮೂಳೆಯ ಪಟ್ಟಿ. ಕನ್ನಡಕದ ಡಬ್ಬಿ. ಅರ್ಧ ಬನ್ನು. ತಕ್ಕಡಿಯ ಮುಳ್ಳು ಒಂದು ಕಡೆಗೆ ವಾಲಿ ಅಲ್ಲೇ ಸಿಕ್ಕಿಕೊಂಡಿತು. ಅಷ್ಟು ಭಾರ ತೂಗುವ ತಕ್ಕಡಿಯಲ್ಲ ಅದು.

"ಇಷ್ಟನ್ನ ಹೊತ್ಕೊಂಡು ಇಪ್ಪತ್ತಾರು ವರ್ಷದಿಂದ ಓಡಾಡ್ತಿದೀನಿ" ಅಂದಳು. "ಒಂದಿನಾನೂ ಭಾರ ಅನ್ಸಿಲ್ಲ. ಕಾಲಿಗೆ ಬೇಕಾಗಿರೋದು ಆ ಹುಣಿಸೆಬೀಜ ಮಾತ್ರ. ಸೆಲ್ಲು ಕಾಲಲ್ಲೇ ಇರಬೇಕು ಅಂತ ನಿಮಗೆ ಹೇಳಿದ್ಯಾರು? ಜೇಬಿಲ್ವಾ ನನಗೆ?"

ಗಡಿಯಾರಪ್ಪ ಕಣ್ಣಿನ ಭೂತಗನ್ನಡಿ ತೆಗೆದ.

ಯಾರೂ ಹೇಳಿರಲಿಲ್ಲ. ಗಡಿಯಾರದ ಸೆಲ್ಲು ಗಡಿಯಾರದ ಒಳಗೇ ಇರುತ್ತದೆ, ಅದು ಹೊರಗಿರುವುದುಂಟು ಎಂಬ ಯೋಚನೆ ಅವನ ತಲೆಗೆ ಹೊಳೆಯುವುದಾದರೂ ಹೇಗೆ? ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವರ ಕಥೆ ಹೇಳಿ ಎಷ್ಟೋ ಸಲ ಗಿರಾಕಿಗಳನ್ನು ಹಂಗಿಸಿದ್ದಾನೆ. ಈಗ ಕೂಸು ಎದುರಿಗೇ ನಿಂತು ಜೇಬು ತೋರಿಸುತ್ತಿತ್ತು.

"ಇದನ್ನ ಮೊದಲೇ ಹೇಳೋಕೇನಾಗಿತ್ತು?" ಅಂದ.

ಹೆಂಡತಿ ಅವನನ್ನೊಮ್ಮೆ ನೋಡಿದಳು. ಆ ನೋಟಕ್ಕೆ ಗಡಿಯಾರಪ್ಪನ ಕಿವಿ ಬಿಸಿಯಾಯಿತು. ಮೂರು ವಾರ. ಮೀಟರನ್ನು ಕೇಳಿದ್ದ, ತಕ್ಕಡಿಯನ್ನು ಕೇಳಿದ್ದ, ಕರೆಂಟಕ್ಕನನ್ನೂ ಕೇಳಿದ್ದ. ಕಾಲು ಯಾರದ್ದೋ ಅವಳನ್ನು ಒಂದು ಮಾತು ಕೇಳಿರಲಿಲ್ಲ.

ಗುರುವಾರವೆಲ್ಲ ಇಬ್ಬರೂ ಒಂದೇ ಮೇಜಿನ ಎರಡು ಕಡೆ ಕೂತರು. ಅವನು ಬೋರ್ಡು, ಪೆನ್ಸಿಲ್ ಸೆಲ್ಲು ಎರಡನ್ನೂ ಜೇಬಿನ ಗೂಡಿಗೆ ಸೇರಿಸಿದ. ಕಾಲಪಟ್ಟಿಯಲ್ಲಿ ಮೋಟಾರು ಮಾತ್ರ ಉಳಿಯಿತು, ಜೊತೆಗೆ ಅವನು ಹಟ ಹಿಡಿದು ಇಟ್ಟ ಕೆಂಪು ದೀಪ. ಅವಳು ಕೂದಲಿನಂಥ ತಂತಿಯನ್ನು ಕೋಟಿನ ಒಳಮಡಿಕೆಗೂ ಅಲ್ಲಿಂದ ಉಡುಪಿನ ಅಂಚಿಗೂ ಪುಸ್ತಕ ಕಟ್ಟುವ ದಾರದಲ್ಲಿ ಹೊಲಿದಳು, ಹರಿದ ಪುಸ್ತಕದ ಬೆನ್ನಿಗೆ ಹಾಕುವ ಸಣ್ಣ ಸಣ್ಣ ಹೊಲಿಗೆ. ಅಷ್ಟರಲ್ಲೂ ಒಂದು ಜಗಳವಾಯಿತು. ತೂತು ಕೊರೆದ ಗೂಡು ಬಿರುಕು ಬಿಟ್ಟಿತ್ತು. ಬೇರೆ ಗೂಡು ಹುಡುಕಿದರೆ ಸಿಕ್ಕಿದ್ದು ಹಳೆಯ ಟಾರ್ಚಿನದು, ಅದರ ಸ್ಪ್ರಿಂಗು ಸೋಮಾರಿ, ಸೆಲ್ಲನ್ನು ಬಿಗಿಯಾಗಿ ಹಿಡಿಯುವುದಿಲ್ಲ ಅಂದಳು ಅವಳು. ಅದನ್ನು ಎಳೆದು ಬಗ್ಗಿಸಿ ಸರಿಮಾಡಿದೆ ಅಂದ. ಅವಳು ಜೇಬಿಗೆ ಹಾಕಿಕೊಂಡು ಅಡುಗೆಮನೆಗೆ ಆರು ಸಲ ಹೋಗಿ ಬಂದಳು. ಕಾಲು ಒಮ್ಮೆಯೂ ಅಂಟಲಿಲ್ಲ.

ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಯ ಉದ್ದನೆಯ ಪಡಸಾಲೆ. ಒಂದು ತುದಿಯಲ್ಲಿ ಬೆಂಚು, ನಡುವೆ ಚೌಕಟ್ಟಿನ ಕಿರಿದಾದ ಬಾಗಿಲು, ಆ ತುದಿಯಲ್ಲಿ ಕಿಟಕಿ. ಕಿಟಕಿ ಮುಟ್ಟಿ ಹಿಂದಿರುಗಬೇಕು. ಡಾಕ್ಟರು ಪಟ್ಟಿಯನ್ನು ಬಗ್ಗಿ ನೋಡಿದರು. "ಇದು ಇರಬಹುದು, ಕೈ ಮಾತ್ರ ಯಾರದ್ದೂ ಇರಬಾರದು" ಎಂದು ಗಡಿಯಾರಪ್ಪನನ್ನು ಬೆಂಚಿನ ಮೇಲೆ ಕೂರಿಸಿದರು.

ಹೆಂಡತಿ ಹೊರಟಳು. ಕಾಲಿನಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಹೋಗುವಾಗ ಬಾಗಿಲನ್ನು ಯಾವ ತಕರಾರೂ ಇಲ್ಲದೆ ದಾಟಿದಳು. ಕಿಟಕಿ ಮುಟ್ಟಿದಳು. ತಿರುಗಿದಳು. ಬಾಗಿಲ ಹತ್ತಿರ ಬರುತ್ತಿದ್ದಂತೆ ದೀಪ ಆರಿಹೋಯಿತು.

ಅವಳು ನಿಂತಳು.

ಗಡಿಯಾರಪ್ಪನಿಗೆ ತಕ್ಷಣ ತಿಳಿಯಿತು. ಹಾಳು ಸ್ಪ್ರಿಂಗು! ತಿರುಗುವಾಗ ಸೆಲ್ಲು ಜರುಗಿದೆ. ತನ್ನನ್ನೇ ಶಪಿಸಿಕೊಳ್ಳುತ್ತ ಎದ್ದುಬಿಟ್ಟ.

"ಕೂತ್ಕೊಳ್ಳಿ" ಅಂದರು ಡಾಕ್ಟರು.

"ಸೆಲ್ಲು ಜರುಗಿದೆ ಡಾಕ್ಟ್ರೇ, ಒಂದೇ ನಿಮಿಷ, ನಾನು..."

"ನೀವು ಮುಟ್ಟಿದ್ರೆ ಪರೀಕ್ಷೆ ಮುಗಿದ ಹಾಗೆ. ಕೂತ್ಕೊಳ್ಳಿ."

ಕೂತ. ನಲವತ್ತು ವರ್ಷ ಕೂದಲೆಳೆಯ ಸ್ಪ್ರಿಂಗುಗಳನ್ನು ಪಳಗಿಸಿದ ಕೈಗಳು ಮಂಡಿಯ ಮೇಲೆ ಕೆಲಸಕ್ಕೆ ಬಾರದೆ ಬಿದ್ದಿದ್ದವು. ಹದಿನೈದು ಹೆಜ್ಜೆ ದೂರದಲ್ಲಿ ಹೆಂಡತಿ ಚೌಕಟ್ಟಿನ ಮುಂದೆ ನಿಂತಿದ್ದಳು, ಹಿಮ್ಮಡಿ ಏಳುವುದೋ ಬೇಡವೋ ಎಂದು ನಡುಗುತ್ತಿತ್ತು. ಅವಳ ಕಣ್ಣು ಒಮ್ಮೆ ಅವನ ಕಡೆ ಬಂತು. ಅವನಿಗೆ ಅಳು ಬಂದಂತಾಯಿತು.

ಆಮೇಲೆ ಅವಳು ಜೇಬಿಗೆ ಕೈ ಹಾಕಿದಳು. ಏನೂ ಅವಸರವಿರಲಿಲ್ಲ. ಕತ್ತರಿ ಹುಡುಕುವವಳ ಹಾಗೆ ಒಳಗೆ ತಡಕಿ, ಹೆಬ್ಬೆರಳಲ್ಲಿ ಸೆಲ್ಲನ್ನು ಒಮ್ಮೆ ಒತ್ತಿದಳು. ಕೆಂಪು ದೀಪ ಮಿನುಗಿತು. ಕಾಲಿನ ಮಿಡಿತವನ್ನು ಒಂದು, ಎರಡು ಎಣಿಸಿ ಮೂರನೆಯದಕ್ಕೆ ಕಾಲೆತ್ತಿ ಚೌಕಟ್ಟು ದಾಟಿದಳು. ಹೆಬ್ಬೆರಳನ್ನು ಹಾಗೇ ಒತ್ತಿ ಹಿಡಿದುಕೊಂಡೇ ಬೆಂಚಿನ ತನಕ ನಡೆದು ಬಂದಳು.

ಸೆಲ್ಲು ಕಾಲಿನಲ್ಲಿದ್ದಿದ್ದರೆ ಅವಳು ಬಗ್ಗಲಾರದೆ ಅಲ್ಲೇ ನಿಂತಿರುತ್ತಿದ್ದಳು. ಅವನು ಓಡಿ ಹೋಗಬೇಕಾಗುತ್ತಿತ್ತು. ಇಷ್ಟು ದಿನ ಹಗಲೂ ಇರುಳೂ ಒದ್ದಾಡಿ ಅವನು ಕಟ್ಟುತ್ತಿದ್ದದ್ದು ತಾನಿಲ್ಲದೆ ನಡೆಯದ ಯಂತ್ರವನ್ನು. ಡಾಕ್ಟರು ಬರೆಯುತ್ತಿದ್ದ ಪೆನ್ನಿನ ಸದ್ದು ಕೇಳುತ್ತ ಗಡಿಯಾರಪ್ಪ ಅದನ್ನೇ ಯೋಚಿಸುತ್ತಿದ್ದ.

ಯಾರ ಕೈಯೂ ಬೇಡ ಅಂತ ಡಾಕ್ಟರು ಬರೆದುಕೊಟ್ಟ ಕಾಗದ ಹಿಡಿದು ಗಂಡ ಹೆಂಡತಿ ಹೊರಬಂದರು. ಆಸ್ಪತ್ರೆಯ ಹೆಬ್ಬಾಗಿಲು ಬಂದಾಗ ಅಭ್ಯಾಸದಂತೆ ಅವಳ ಮೊಣಕೈ ಹಿಡಿದ.

"ಬಿಡ್ರೀ, ಎಣಿಕೆ ತಪ್ಪುತ್ತೆ."

ಬಿಟ್ಟ. ಅವಳು ದಾಟಿದಳು. ಲೈಬ್ರರಿಯ ರಸ್ತೆ ಬಲಕ್ಕೆ, ಮನೆಯ ರಸ್ತೆ ಎಡಕ್ಕೆ. ಅವಳು ಬಲಕ್ಕೆ ತಿರುಗಿ ನಿಂತಳು. ಅಂಟು ಒಣಗಲೆಂದು ಹಲಗೆಗಳ ನಡುವೆ ಬಿಗಿದಿಟ್ಟ ಮೂರು ಪುಸ್ತಕ ತಿಂಗಳಿನಿಂದ ಹಾಗೇ ಇವೆಯಂತೆ. ಗಡಿಯಾರಪ್ಪನ ಬಾಯಿಗೆ ನಾಲ್ಕಾರು ಎಚ್ಚರಿಕೆಯ ಮಾತು ಬಂದವು. ಸ್ಪ್ರಿಂಗು ಹುಷಾರು, ತಂತಿ ಹುಷಾರು, ಎರಡನೆಯ ಬಾಗಿಲು ಹುಷಾರು. ಎಲ್ಲವನ್ನೂ ನುಂಗಿಕೊಂಡ.

"ಇನ್ನೇನಾದ್ರೂ ಹೇಳೋದಿತ್ತಾ?" ಅಂದ.

ಅವಳಿಗೆ ಆಶ್ಚರ್ಯವಾಯಿತು.

"ಹೂಂ. ಆ ಕೆಂಪು ದೀಪ ತೆಗೆದುಬಿಡಿ. ನನಗೆ ಅದು ಕಾಣೋದೂ ಇಲ್ಲ, ಬೇಕಾಗೂ ಇಲ್ಲ. ಅದನ್ನ ನೋಡ್ತಾ ಇರೋದು ನೀವೊಬ್ರೇ."

ದೀಪಕ್ಕೆ ಕಾಲು ಗ್ರಾಮೂ ಇಲ್ಲ ಎಂದು ನಾಲಿಗೆಯ ತುದಿಯ ತನಕ ಬಂತು. ಅದಿಲ್ಲದಿದ್ದರೆ ಯಂತ್ರ ನಡೆಯುತ್ತಿದೆಯೋ ನಿಂತಿದೆಯೋ ತನಗೆ ಗೊತ್ತಾಗುವುದಾದರೂ ಹೇಗೆ ಎಂದೂ ಬಂತು.

"ಸರಿ" ಅಂದ. "ಸಂಜೆ ಬಾ, ತೆಗೀತೀನಿ."